ತಳ ಗಟ್ಟಿ ಇದೆ, ತೂತಿನ ಸುದ್ದಿ ಹೇಳಿ

ದೋಣಿ ಪರೀಕ್ಷಿಸುವ ಸರ್ವೇಯರ್ ಮಂಡಿಯೂರಿ ಕೂತು, ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆಯಿಂದ ದೋಣಿಯ ಡೆಕ್ಕನ್ನು ಬಡಿಯುತ್ತ ಬರುತ್ತಿದ್ದರು. ಟಕ್, ಟಕ್, ಟಕ್. ಒಂದು ಗೇಣು ಸರಿದು ಮತ್ತೆ ಟಕ್, ಟಕ್. ಅಂಚಿನ ಕಂಬಿಯ ಬುಡಕ್ಕೆ ಬಂದಾಗ ಸದ್ದು ಬದಲಾಯಿತು: ದಬ್. ಅವರು ತಲೆಯೆತ್ತಲಿಲ್ಲ. ಜೇಬಿನಿಂದ ನೀಲಿ ಟೇಪು ತೆಗೆದು ಅಲ್ಲೊಂದು ತುಂಡು ಅಂಟಿಸಿ ಮುಂದೆ ಹೋದರು. ಮಳೆಗಾಲಕ್ಕೆ ಮುಂಚೆ ಹಿತ್ತಿಲಿನ ಹಲಸಿನ ಹಣ್ಣಿಗೆ ಕತ್ತಿಯ ಹಿಂಬದಿಯಿಂದ ಬಡಿದು ಕಿವಿಗೊಟ್ಟು ಬೆಳೆದ ನನಗೆ ಆ ಭಾಷೆ ಗೊತ್ತಿತ್ತು. "ಒಳಗೆ ಹಣ್ಣಾಗಿದೆ ಮಾರಾಯಾ" ಎಂದು ಅಣ್ಣನ ಮಗನ ಕಿವಿಯಲ್ಲಿ ಹೇಳಿದೆ. ಹಲಸಾಗಿದ್ದರೆ ಸಂತೋಷದ ಸುದ್ದಿ. ದೋಣಿಯಾದ್ದರಿಂದ ಅವನ ಮುಖ ಸಣ್ಣಗಾಯಿತು.

ಇದು ನಡೆದದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಅನ್ನಾಪೊಲಿಸ್ ಊರಿನ ಹತ್ತಿರ. ಗಂಗೊಳ್ಳಿಯ ದಕ್ಕೆಯಲ್ಲಿ ಓಡಾಡಿ ಬೆಳೆದ ಹುಡುಗ ಅವನು. ಆದರೆ ನಮ್ಮಣ್ಣ ಅವನನ್ನು ಒಂದು ದಿನಕ್ಕೂ ದೋಣಿ ಹತ್ತಲು ಬಿಟ್ಟವನಲ್ಲ, "ನೀನು ಓದು" ಎಂದುಬಿಟ್ಟಿದ್ದ. ಓದಿದ, ಕಂಪ್ಯೂಟರ್ ಹಿಡಿದ, ಸಮುದ್ರ ದಾಟಿದ. ನಲವತ್ತು ತುಂಬಿದ ಮೇಲೆ ಈಗ ಹಾಯಿದೋಣಿಯ ಹುಚ್ಚು. ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳನ್ನು ಕೂರಿಸಿಕೊಂಡು ಶುಕ್ರವಾರ ಸಂಜೆ ಹೊರಡಬೇಕು, ಯಾವುದಾದರೂ ಹಿನ್ನೀರಿನಲ್ಲಿ ಲಂಗರು ಹಾಕಬೇಕು, ಅಡುಗೆ ನಿದ್ದೆ ಎಲ್ಲ ದೋಣಿಯಲ್ಲೇ ಆಗಬೇಕು, ಭಾನುವಾರ ವಾಪಸು ಬರಬೇಕು. ಆಸೆ ಇಷ್ಟೇ. ಊರು ನೋಡಲು ಹೋಗಿದ್ದ ನನ್ನನ್ನು, ಕರಾವಳಿಯವನೆಂಬ ಒಂದೇ ಅರ್ಹತೆಯ ಮೇಲೆ, ದೋಣಿ ಪರೀಕ್ಷೆಗೆ ಕರೆದುಕೊಂಡು ಹೋದ. ಆರು ವಾರದಲ್ಲಿ ಒಂಬತ್ತು ಹಳೇ ದೋಣಿಗಳ ಹೊಟ್ಟೆಯೊಳಗೆ ಇಳಿದು ಬಂದೆ. ಅಲ್ಲಿ ಕಲಿತದ್ದನ್ನು ಬರೆದಿಡುತ್ತಿದ್ದೇನೆ. ಅಲ್ಲಿರುವ ನಮ್ಮ ಹುಡುಗರಲ್ಲಿ ಇನ್ನೂ ಹಲವರಿಗೆ ಈ ಹುಚ್ಚು ಹತ್ತುವ ಲಕ್ಷಣ ಕಾಣುತ್ತಿದೆ.

ಮೊದಲು ಜಾಗದ ವಿಷಯ, ಯಾಕೆಂದರೆ ಎಂಥ ದೋಣಿ ಬೇಕೆಂದು ನಿರ್ಧರಿಸುವುದು ನೀರು. ಚೆಸಪೀಕ್ ಕೊಲ್ಲಿಯ ಉದ್ದ ಸುಮಾರು 320 ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಕರಾವಳಿಯಷ್ಟೇ. ಆದರೆ ಆಳ? ಸರಾಸರಿ 21 ಅಡಿ. ದಡದ ಕಡೆಗಿನ ಎಷ್ಟೋ ಹಿನ್ನೀರುಗಳಲ್ಲಿ ಅದರ ಕಾಲುಭಾಗವೂ ಸಿಗದು. ಆಳ ಸಮುದ್ರಕ್ಕೆಂದು ಮಾಡಿದ, ನೀರಿನ ಕೆಳಗೆ ಏಳಡಿ ಇಳಿಯುವ ದೋಣಿ ಇಲ್ಲಿ ಅರ್ಧ ದಿನ ಕೆಸರಿನಲ್ಲಿ ಕೂತಿರುತ್ತದೆ. ಬೇಸಿಗೆಯಲ್ಲಿ ಗಾಳಿ ಸತ್ತುಹೋಗುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ ದಿಢೀರನೆ ಬರುತ್ತದೆ. ಹಾಗಾಗಿ ಹೆಸರಿಗೆ ಹಾಯಿದೋಣಿಯಾದರೂ ನಂಬಿಕೆಯ ಇಂಜಿನ್ ಇಲ್ಲದಿದ್ದರೆ ನಡೆಯದು. ನೀರಿಗೆ ಇಳಿದು ಈಜೋಣವೆಂದರೆ ಅದೇ ಬೇಸಿಗೆಯಲ್ಲಿ ಚುಚ್ಚುವ ಲೋಳೆಮೀನು ಬೇರೆ. ಇರಲಿ.

ಹೊಸ ದೋಣಿಯ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಒಂದು ಕುಟುಂಬ ಮಲಗಬಹುದಾದ 30 ಅಡಿಯದ್ದು ಅಲ್ಲಿ ಮನೆಯ ಬೆಲೆಯ ಲೆಕ್ಕಕ್ಕೆ ಬರುತ್ತದೆ. ಅದೇ ಅಳತೆಯ ನಲವತ್ತು ವರ್ಷದ ದೋಣಿ ಹಳೇ ಕಾರಿನ ಬೆಲೆಗೆ ಸಿಗುತ್ತದೆ. ಯಾಕೆ ಇಷ್ಟು ಅಗ್ಗ? ಇದಕ್ಕೆ ಉತ್ತರ ದೋಣಿ ಮಾಡಿದ ವಸ್ತುವಿನಲ್ಲಿದೆ. 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ರೋಡ್ ಐಲೆಂಡಿನ ಪಿಯರ್ಸನ್ ದಾಯಾದಿಗಳು ಟ್ರೈಟನ್ ಎಂಬ 28 ಅಡಿ ಚಿಲ್ಲರೆಯ ಹಾಯಿದೋಣಿಯನ್ನು ಇಟ್ಟರು. ವಿನ್ಯಾಸ ಸ್ವೀಡನ್ ಮೂಲದ ಕಾರ್ಲ್ ಆಲ್ಬರ್ಗ್ ಅವರದ್ದು. ಮರದ ಹಲಗೆ ಜೋಡಿಸಿ ಮಾಡಿದ್ದಲ್ಲ. ಗಾಜಿನ ನೂಲಿನ ಬಟ್ಟೆಯನ್ನು ಅಚ್ಚಿನೊಳಗೆ ಹಾಸಿ, ರೆಸಿನ್ ಎಂಬ ಅಂಟು ಕುಡಿಸಿ, ಗಟ್ಟಿಯಾದ ಮೇಲೆ ಇಡ್ಲಿ ಎಬ್ಬಿಸಿದ ಹಾಗೆ ಎಬ್ಬಿಸಿದ್ದು. ಅಚ್ಚು ಒಂದಿದ್ದರೆ ದೋಣಿ ನೂರು. ಬೆಲೆ ಸಂಬಳದವನ ಕೈಗೆಟುಕುವಷ್ಟಕ್ಕೆ ಇಳಿಯಿತು. ಮುಂದಿನ ಮೂವತ್ತು ವರ್ಷ ಅಮೆರಿಕದ ಕಾರ್ಖಾನೆಗಳು ಫೈಬರ್ ದೋಣಿಗಳನ್ನು ಸುರಿದವು. ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ಕಂಪನಿಯ 30 ಅಡಿಯ ಮಾದರಿಯೊಂದೇ ಎಪ್ಪತ್ತರ ದಶಕದಿಂದ 2008ರವರೆಗೆ ಆರು ಸಾವಿರಕ್ಕೂ ಹೆಚ್ಚು ತಯಾರಾಯಿತು.

ತಮಾಷೆಯೆಂದರೆ ಈ ದೋಣಿಗಳು ಸಾಯುವುದೇ ಇಲ್ಲ. ಮರಕ್ಕೆ ಹುಳ ಹತ್ತುತ್ತದೆ, ಕೊಳೆಯುತ್ತದೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ ಸಿಕ್ಕಾಗ ಬೋಟುಗಳನ್ನು ಮೇಲೆಳೆದು ಹಲಗೆ ಬದಲಾಯಿಸುವುದನ್ನು, ನಾಡದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದನ್ನು ನೋಡಿದವರಿಗೆ ಮರದ ಕಷ್ಟ ಗೊತ್ತು. ಫೈಬರಿಗೆ ಆ ಗೋಳಿಲ್ಲ. ಆದರೆ ಸಾಯದೆ ಉಳಿಯುವುದಕ್ಕೂ ಆರೋಗ್ಯವಾಗಿ ಉಳಿಯುವುದಕ್ಕೂ ವ್ಯತ್ಯಾಸವಿದೆ. ಮಾಲೀಕರಿಗೆ ವಯಸ್ಸಾಗಿ, ಮಂಡಿ ನೋವು ಬಂದು, ದೋಣಿ, ಮರೀನಾ ಎಂಬ ಬಾಡಿಗೆ ದಕ್ಕೆಯ ಮೂಲೆಯಲ್ಲಿ ಪಾಚಿ ಕಟ್ಟುತ್ತ ಕೂತಿರುತ್ತದೆ. ಹಾಗೆ ಕೂತವೇ ಅಗ್ಗಕ್ಕೆ ಬರುತ್ತವೆ, ಕೆಲವು ಪುಕ್ಕಟೆಯಾಗಿಯೂ. ಪುಕ್ಕಟೆ ದೋಣಿಯಷ್ಟು ದುಬಾರಿ ದೋಣಿ ಇನ್ನೊಂದಿಲ್ಲವೆಂದು ಅಲ್ಲಿಯ ಹಳಬರು ಹೇಳುತ್ತಾರೆ. ಬ್ರೋಕರ್ ಮಾತ್ರ ಹೇಳುವುದಿಲ್ಲ.

ಒಂಬತ್ತು ದೋಣಿ ನೋಡಿದ ಮೇಲೆ ನನಗೆ ಖಾತ್ರಿಯಾದದ್ದು ಒಂದು. ಎಲ್ಲರೂ ತಳ ನೋಡುತ್ತಾರೆ, ತಳವನ್ನು ತಟ್ಟಿ "ಕಲ್ಲಿನ ಹಾಗಿದೆ" ಎನ್ನುತ್ತಾರೆ. ತಳ ಗಟ್ಟಿ ಇದ್ದೇ ಇರುತ್ತದೆ, ಅದು ಸುದ್ದಿಯೇ ಅಲ್ಲ. ಹಳೇ ದೋಣಿ ಕೆಡುವುದು ತೂತುಗಳಲ್ಲಿ. ಯಾರೋ ಡ್ರಿಲ್ ಹಿಡಿದು ಬೋಲ್ಟು ಕೂರಿಸಲು, ಪೈಪು ತೂರಿಸಲು, ವೈರು ಎಳೆಯಲು ಮಾಡಿದ ಪ್ರತಿ ತೂತೂ ಒಂದೊಂದು ಬಾಗಿಲು, ಆ ಬಾಗಿಲಲ್ಲಿ ನೀರು ಕಾಯುತ್ತಿರುತ್ತದೆ.

ಸರ್ವೇಯರ್ ಬಡಿಯುತ್ತಿದ್ದ ಆ ಡೆಕ್ಕನ್ನೇ ತೆಗೆದುಕೊಳ್ಳಿ. ತಳ ಮಾಡಿದ ಹಾಗೆ ಡೆಕ್ಕನ್ನೂ ಗಟ್ಟಿ ಫೈಬರಿನಲ್ಲೇ ಮಾಡಿದರೆ ಮೇಲ್ಭಾಗ ಭಾರವಾಗಿ ದೋಣಿ ತೊನೆಯುತ್ತದೆ. ಅದಕ್ಕೆ ಕ್ರೀಮ್ ಬಿಸ್ಕತ್ತಿನ ಉಪಾಯ ಮಾಡಿದರು: ಮೇಲೊಂದು ತೆಳು ಫೈಬರ್ ಪದರ, ಕೆಳಗೊಂದು, ನಡುವೆ ಹಗುರವಾದ ಬಾಲ್ಸಾ ಮರದ ತುಂಡುಗಳು, ಇಲ್ಲವೇ ಪ್ಲೈವುಡ್. ಬಾಲ್ಸಾ ಹೆಚ್ಚಾಗಿ ಈಕ್ವೆಡಾರ್ ದೇಶದಿಂದ ಬರುವ, ಬೆಂಡಿನಷ್ಟು ಹಗುರದ ಮರ. ಹಗುರ, ಗಟ್ಟಿ, ಅಗ್ಗ, ನೀರು ತಾಗದಿದ್ದರೆ ನೂರು ವರ್ಷ. ಆದರೆ ಡೆಕ್ಕಿನ ಸುತ್ತ ಕಂಬಿ ಬೇಕು, ಹಗ್ಗ ಕಟ್ಟುವ ಗೂಟ ಬೇಕು, ಹಿಡಿಕೆ ಬೇಕು. ಒಂದೊಂದಕ್ಕೆ ನಾಲ್ಕು ಬೋಲ್ಟು, ನಾಲ್ಕು ತೂತು. ತೂತಿನ ಬಾಯಿಗೆ ಹಚ್ಚಿದ ಅಂಟು ಹತ್ತು ಹದಿನೈದು ವರ್ಷಕ್ಕೆ ಬಿರಿಯುತ್ತದೆ. ದೋಣಿಗೆ ಹತ್ತುವ ಪ್ರತಿಯೊಬ್ಬನೂ ಕಂಬಿ ಹಿಡಿದು ಜಗ್ಗುವುದರಿಂದ ಇನ್ನೂ ಬೇಗ. ಮಳೆನೀರು ಹನಿಹನಿಯಾಗಿ ಬಿಸ್ಕತ್ತಿನ ನಡುವೆ ಇಳಿಯುತ್ತದೆ, ಮೇಲೂ ಕೆಳಗೂ ಫೈಬರ್ ಇರುವುದರಿಂದ ಆರಲು ದಾರಿಯಿಲ್ಲ. ಮರ ಮೊದಲು ನೆನೆಯುತ್ತದೆ, ಆಮೇಲೆ ಕಪ್ಪು ಗಂಜಿಯಾಗುತ್ತದೆ. ಕಾಲಿಟ್ಟರೆ ಮೆತ್ತಗೆ ಕುಸಿಯುವ ಅನುಭವ. ಸುತ್ತಿಗೆ ತಾಗಿದರೆ ದಬ್.

ರಿಪೇರಿ ಇದೆ. ಮೇಲಿನ ಪದರವನ್ನು ಕೊಯ್ದು ತೆಗೆದು, ಗಂಜಿ ಕೆರೆದು, ಒಣಗಿಸಿ, ಹೊಸ ಮರ ಕೂರಿಸಿ ಮತ್ತೆ ಫೈಬರ್ ಹೊದಿಸುವುದು. ಒಂದು ಬಾಗಿಲಿನಷ್ಟು ಜಾಗವಾದರೆ ಕೈಯಾರೆ ಮಾಡಿಕೊಳ್ಳಬಹುದು. ಇಡೀ ಡೆಕ್ಕಾದರೆ, ಗಂಟೆಗೆ ನೂರು ಡಾಲರ್ ದಾಟಿದ ಕೂಲಿಯಲ್ಲಿ, ಆ ದುಡ್ಡಿಗೆ ಇನ್ನೆರಡು ದೋಣಿ ಬರುತ್ತವೆ.

ನಾವು ನೋಡಿದ ನಾಲ್ಕನೆಯ ದೋಣಿಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಂಬತ್ತರ ದಶಕದಲ್ಲಿ ತೈವಾನಿನಲ್ಲಿ ತಯಾರಾದ 36 ಅಡಿಯ ಸುಂದರಿ. ಇಡೀ ಡೆಕ್ಕಿಗೆ ಸಾಗುವಾನಿ ಹಲಗೆ ಹಾಸಿದ್ದರು, ಹಳೇ ಗುತ್ತಿನ ಮನೆಯ ಚಾವಡಿಯ ಹಾಗೆ. ನಮ್ಮ ಹುಡುಗ ಚಪ್ಪಲಿ ಕಳಚಿಟ್ಟು ನಡೆದ, ಅಷ್ಟು ಭಕ್ತಿ. ನಾನೂ ಮನಸೋತೆ. ಆದರೆ ಆ ಹಲಗೆಗಳು ನಿಂತದ್ದು ಯಾವುದರ ಮೇಲೆ? ಒಂದೊಂದು ಗೇಣಿಗೆ ಒಂದು ಸ್ಕ್ರೂ, ಒಟ್ಟು ಸಾವಿರಕ್ಕೂ ಮೇಲೆ; ಪ್ರತಿ ಸ್ಕ್ರೂ ಮೇಲಿನ ಪದರವನ್ನು ತೂರಿ ಬಾಲ್ಸಾದೊಳಗೆ ಇಳಿದಿದೆ. ಚಂದ ಕಾಣಲೆಂದು ಸಾವಿರ ತೂತು ಕೊರೆದು ಅದರ ಮೇಲೆ ಸಾಗುವಾನಿ ಮುಚ್ಚಿದ ಹಾಗಾಯಿತು. ಸರ್ವೇಯರಿಗೆ ದುಡ್ಡು ಕೊಡುವ ಮೊದಲೇ ಕ್ಯಾಬಿನ್ನಿನ ಒಳಗಿನ ಸೂರಿನಲ್ಲಿ ಚಹಾ ಬಣ್ಣದ ಕಲೆಗಳು ಕಂಡವು. ಹುಡುಗ ಚಪ್ಪಲಿ ಹಾಕಿಕೊಂಡ.

ಡೆಕ್ಕು ದಾಟಿ ಕೂವೆಮರಕ್ಕೆ ಬನ್ನಿ. ಅದನ್ನು ನಿಲ್ಲಿಸಿರುವುದು ಸುತ್ತಲಿನ ಸ್ಟೀಲ್ ಹಗ್ಗಗಳು. ಆ ಹಗ್ಗಗಳು ದೋಣಿಯ ಮೈಗೆ ಸೇರುವಲ್ಲಿ ಒಂದು ಸ್ಟೀಲ್ ಪಟ್ಟಿ ಡೆಕ್ಕನ್ನು ಸೀಳಿಕೊಂಡು ಒಳಗೆ ಇಳಿದಿರುತ್ತದೆ, ಅದಕ್ಕೆ ಚೈನ್‌ಪ್ಲೇಟ್ ಎನ್ನುತ್ತಾರೆ. ಮತ್ತೆ ತೂತು! ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂದು ನಾವೆಲ್ಲ ಪಾತ್ರೆ ಅಂಗಡಿಯಲ್ಲಿ ನಂಬಿಕೊಂಡವರು. ಅದಕ್ಕೆ ತುಕ್ಕು ಹಿಡಿಯದಿರುವುದು ಮೇಲ್ಮೈಯ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಟ್ಟಿಕೊಳ್ಳುವ ತೆಳು ಪೊರೆಯಿಂದ. ಗಾಳಿಯಾಡುವಷ್ಟು ದಿನ ಆ ಪೊರೆ ತನ್ನಷ್ಟಕ್ಕೆ ಹೊಸದಾಗುತ್ತಿರುತ್ತದೆ. ಡೆಕ್ಕಿನ ಸೀಳಿನಲ್ಲಿ, ಒದ್ದೆ ಅಂಟಿನ ನಡುವೆ ಗಾಳಿಯಿಲ್ಲ, ಉಪ್ಪುನೀರಿದೆ. ಹಾಗಾಗಿ ಮೇಲೂ ಕೆಳಗೂ ಕನ್ನಡಿಯಂತೆ ಹೊಳೆಯುವ ಪಟ್ಟಿ, ಕಣ್ಣಿಗೆ ಕಾಣದ ಆ ಒಂದಿಂಚಿನಲ್ಲಿ ಅರ್ಧಕ್ಕರ್ಧ ತಿಂದುಹೋಗಿರುತ್ತದೆ. ಒಂದು ಪಟ್ಟಿ ತುಂಡಾದರೆ ಕೂವೆಮರ ಮೈಮೇಲೆ ಬರುತ್ತದೆ. ಸ್ಟೀಲ್ ಹಗ್ಗಕ್ಕೆ ಹತ್ತರಿಂದ ಹದಿನೈದು ವರ್ಷ ಆಯುಸ್ಸೆಂದು ಹಿಡಿಯುವುದು ರೂಢಿ. "ಕೊನೆಯ ಸಲ ಬದಲಾಯಿಸಿದ್ದು ಯಾವಾಗ?" ಎಂದು ಕೇಳಿದಾಗ ಮಾರುವವನು ಆಕಾಶ ನೋಡಿದರೆ, ಬದಲಾಯಿಸಿಲ್ಲ ಎಂದೇ ಅರ್ಥ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಇನ್ನು ನೀರಿನ ಮಟ್ಟದಿಂದ ಕೆಳಗಿನ ತೂತುಗಳು. ನನ್ನ ನಿದ್ದೆ ಕೆಡಿಸಿದ್ದು ಇವು. ಗಟ್ಟಿ ತಳ, ಗಟ್ಟಿ ತಳ ಎನ್ನುತ್ತೇವಲ್ಲ, ಆ ತಳದಲ್ಲಿ ಬೇಕಂತಲೇ ಕೊರೆದ ಆರೇಳು ತೂತುಗಳಿರುತ್ತವೆ: ಇಂಜಿನ್ನು ತಣಿಸುವ ನೀರು ಒಳಬರಲು ಒಂದು, ಟಾಯ್ಲೆಟ್ಟಿಗೆ ಎರಡು, ಅಡುಗೆಮನೆಯ ಸಿಂಕಿಗೆ ಒಂದು, ಹೀಗೆ. ಪ್ರತಿಯೊಂದಕ್ಕೂ ಸೀಕಾಕ್ ಎಂಬ ವಾಲ್ವು, ಅದಕ್ಕೊಂದು ಹೋಸ್ ಪೈಪು, ಪೈಪು ಬಿಗಿಯಲು ಕ್ಲಿಪ್ಪು. ಒಂದೂವರೆ ಇಂಚಿನ ಪೈಪು ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗೆ ಕಳಚಿಕೊಂಡರೆ ನಿಮಿಷಕ್ಕೆ 200 ಲೀಟರಿನ ಆಸುಪಾಸು ನೀರು ನುಗ್ಗುತ್ತದೆ. ಮನೆಯ ತಾರಸಿ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಐದು ನಿಮಿಷದಲ್ಲಿ ತುಂಬುವ ವೇಗ. ಸಾಮಾನ್ಯ ಬ್ಯಾಟರಿ ಪಂಪು ಇದರ ಮುಂದೆ ಚಮಚ ಹಿಡಿದು ನಿಂತ ಹಾಗೆ.

ವಾಲ್ವು ಕಂಚಿನದ್ದಿದ್ದರೆ ಒಳ್ಳೆಯದು. ಹಿತ್ತಾಳೆಯದ್ದಿದ್ದರೆ ಉಪ್ಪುನೀರಿನಲ್ಲಿ ಅದರೊಳಗಿನ ಸತು ಕರಗಿ ಹೋಗಿ, ಬರೀ ತಾಮ್ರದ ಜಾಳು ಉಳಿದು, ಬಣ್ಣ ನಸುಗೆಂಪಾಗುತ್ತದೆ. ಅಂಥದನ್ನು ಬೆರಳಿನಿಂದ ತಿರುಗಿಸಿದರೂ ಮುರಿದು ಕೈಗೆ ಬರಬಹುದು. ಪ್ರತಿ ವಾಲ್ವನ್ನೂ ನಾವೇ ತೆರೆದು ಮುಚ್ಚಿ ನೋಡಬೇಕು, ದೋಣಿ ನೀರಿನಲ್ಲಿದ್ದಾಗ ಅಲ್ಲ, ಕ್ರೇನಿನಿಂದ ಎತ್ತಿ ನೆಲದ ಮೇಲಿಟ್ಟಾಗ! ನಾವು ನೋಡಿದ ಆರನೆಯ ದೋಣಿಯಲ್ಲಿ ಏಳರಲ್ಲಿ ನಾಲ್ಕು ವಾಲ್ವು ಅಲುಗಲೇ ಇಲ್ಲ. ಮಾಲೀಕರು ಸಮಾಧಾನ ಹೇಳಿದರು: "ಇಪ್ಪತ್ತು ವರ್ಷದಿಂದ ತೆರೆದೇ ಇವೆ, ಏನೂ ಆಗಿಲ್ಲ." ಅಪಘಾತ ಆಗುವವರೆಗೆ ನಮ್ಮ ಬಸ್ಸುಗಳ ಬ್ರೇಕಿನ ಬಗ್ಗೆಯೂ ಇದೇ ಮಾತು ಹೇಳುತ್ತಾರೆ. ಒಳ್ಳೆಯ ಮಾಲೀಕನ ಗುರುತೆಂದರೆ ಪ್ರತಿ ವಾಲ್ವಿನ ಪಕ್ಕ ದಾರದಲ್ಲಿ ಕಟ್ಟಿಟ್ಟ ಒಂದೊಂದು ಮರದ ಬೆಣೆ, ಬೆಂಡೆಕಾಯಿ ಆಕಾರದ್ದು. ಪೈಪು ಕಳಚಿದರೆ ಹುಡುಕದೆ ಕೈಗೆ ಸಿಗಬೇಕು, ಬಡಿದು ತೂತು ಮುಚ್ಚಬೇಕು. ಐವತ್ತು ರೂಪಾಯಿ ಬಾಳದ ಆ ಮರದ ತುಂಡು ಕಂಡರೆ ದೋಣಿಯ ಬಗ್ಗೆ ನನ್ನ ಅಭಿಪ್ರಾಯವೇ ಬದಲಾಗುತ್ತಿತ್ತು.

ಜನ ಭಯಪಡುವುದು ಮಾತ್ರ ಬೇರೆಯದಕ್ಕೆ. ತಳದ ಹೊರಮೈಯಲ್ಲಿ ಏಳುವ ಗುಳ್ಳೆಗಳಿಗೆ. ಹೊರಪದರದ ಮೂಲಕ ಅಣುಅಣುವಾಗಿ ಒಳಗೆ ಹೊಕ್ಕ ನೀರು ಸರಿಯಾಗಿ ಗಟ್ಟಿಯಾಗದ ರಾಸಾಯನಿಕಗಳೊಂದಿಗೆ ಸೇರಿ ಆಮ್ಲವಾಗಿ ಗುಳ್ಳೆ ಎಬ್ಬಿಸುತ್ತದೆ. ಒಡೆದರೆ ವಿನೆಗರಿನ ವಾಸನೆ. ಎಪ್ಪತ್ತು ಎಂಬತ್ತರ ದಶಕದ ದೋಣಿಗಳಲ್ಲಿ ಇದು ಸಾಮಾನ್ಯ. ನೋಡಲು ಸಿಡುಬಿನ ಹಾಗೆ ಭಯಂಕರ. ಆದರೆ ಗುಳ್ಳೆಯಿಂದ ಮುಳುಗಿದ ದೋಣಿಯ ಕಥೆಯನ್ನು ಅಲ್ಲಿಯ ಯಾರೂ ನನಗೆ ಹೇಳಲಿಲ್ಲ. ನಾಲ್ಕಾರು ಗುಳ್ಳೆಯಿದ್ದರೆ ಕೆರೆದು, ಒಣಗಿಸಿ, ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿದರೆ ಮುಗಿಯಿತು. ನನ್ನ ಪ್ರಕಾರ ಗುಳ್ಳೆ ಇರುವುದು ಕೊಳ್ಳುವವನಿಗೆ ಲಾಭ: ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಅಸ್ತ್ರವಿಲ್ಲ.

ಇಂಜಿನ್ ವಿಷಯದಲ್ಲಿ ಹಳೇ ಸ್ಕೂಟರ್ ಕೊಂಡವರಿಗೆಲ್ಲ ಅರ್ಧ ವಿದ್ಯೆ ಗೊತ್ತಿದೆ. ಹೇಳಿದ ಹೊತ್ತಿಗೆ ಹೋಗಬೇಡಿ, ಅರ್ಧ ಗಂಟೆ ಮೊದಲೇ ಹೋಗಿ ಇಂಜಿನ್ನಿನ ಮೇಲೆ ಕೈಯಿಡಿ. ಬಿಸಿಯಿದ್ದರೆ ನಿಮಗೆ ತೋರಿಸಲೆಂದು ಮೊದಲೇ ಒಮ್ಮೆ ಎಬ್ಬಿಸಿದ್ದಾರೆ, ತಣ್ಣಗಿರುವಾಗ ಎದ್ದೇಳುವುದಿಲ್ಲ. ಎಣ್ಣೆಯ ಕಡ್ಡಿ ಎಳೆದು ನೋಡಿ; ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಸೇರಿದೆ. ಅರುವತ್ತು ಎಪ್ಪತ್ತರ ದಶಕದ ಸಾವಿರಾರು ದೋಣಿಗಳಲ್ಲಿ ಆಟಾಮಿಕ್ ಫೋರ್ ಎಂಬ ಪೆಟ್ರೋಲ್ ಇಂಜಿನ್ ಇದೆ, ಬಡಪಾಯಿ ಒಳ್ಳೆಯದೇ. ಬಿಡಿಭಾಗ ಈಗಲೂ ಸಿಗುತ್ತದೆ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ಹೊಟ್ಟೆಯ ತಳದಲ್ಲಿ ಬಂದು ಕೂರುತ್ತದೆ. ಹಾಗಾಗಿ ಎಬ್ಬಿಸುವ ಮುನ್ನ ನಾಲ್ಕು ನಿಮಿಷ ಫ್ಯಾನು ಹಾಕಿ ಆವಿ ಹೊರದಬ್ಬಬೇಕೆಂಬ ಎಚ್ಚರಿಕೆಯ ಚೀಟಿಯನ್ನೇ ಅಂಟಿಸಿರುತ್ತಾರೆ. ಮಗು ಇರುವ ದೋಣಿಗೆ ಡೀಸೆಲ್ಲೇ ಇರಲಿ ಎಂದು ನಾನು ಹಟ ಹಿಡಿದೆ. ಅಡುಗೆ ಗ್ಯಾಸಿನದ್ದೂ ಇದೇ ಗುಣ. ಸಿಲಿಂಡರ್ ಇಡುವ ಗೂಡು ಒಳಗಿನಿಂದ ಪೂರ್ತಿ ಬೇರೆಯಾಗಿ, ಸೋರಿದ್ದು ಹೊರಗೇ ಹರಿದುಹೋಗುವ ಕೊಳವೆ ಇರಬೇಕು. ಹಾಯಿಗಳ ಬಗ್ಗೆ ಒಂದೇ ಮಾತು: ಹೊಸದು ಹೊಸ ನೋಟಿನ ಹಾಗೆ ಗರಗರ ಎನ್ನುತ್ತದೆ, ಹಳತು ಅಜ್ಜಿಯ ಸೀರೆಯ ಹಾಗೆ ಮೆತ್ತಗಿರುತ್ತದೆ. ಅಜ್ಜಿಯ ಸೀರೆಯಲ್ಲೂ ಎರಡು ವರ್ಷ ನಡೆಸಬಹುದು.

ಇಷ್ಟೆಲ್ಲ ನಾವು ಗಂಡಸರು ನೋಡಿದ್ದು. ಹುಡುಗನ ಹೆಂಡತಿ ನೋಡಿದ್ದು ಬೇರೆ. ಅವಳು ಒಳಗಿಳಿದ ಕೂಡಲೇ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದಳು. ಐದನೆಯ ದೋಣಿಯನ್ನು ಹತ್ತು ಸೆಕೆಂಡಿನಲ್ಲಿ ತಿರಸ್ಕರಿಸಿ ಮೇಲೆ ಬಂದಳು: "ಮಾವ, ಇದರಲ್ಲಿ ಒಂದು ರಾತ್ರಿ ಮಲಗಿದರೆ ಮಗಳು ಇನ್ನೊಮ್ಮೆ ದೋಣಿ ಎಂದರೆ ಓಡುತ್ತಾಳೆ." ಸರ್ವೇಯರಿನ ಮೂವತ್ತು ಪುಟದ ವರದಿಯಲ್ಲಿ ವಾಸನೆಗೆ ಕಾಲಂ ಇರುವುದಿಲ್ಲ. ಕುಟುಂಬದ ದೋಣಿಗೆ ಅದೇ ಮೊದಲ ಕಾಲಂ ಆಗಬೇಕಿತ್ತು. ಕರಾವಳಿಯಿಂದ ಮೂರು ನಾಟಿಕಲ್ ಮೈಲಿಯ ಒಳಗೆ ಟಾಯ್ಲೆಟ್ಟಿನ ನೀರನ್ನು ಸಂಸ್ಕರಿಸದೆ ಹೊರಬಿಡುವಂತಿಲ್ಲವೆಂಬ ಕಾನೂನಿರುವುದರಿಂದ ದೋಣಿಯೊಳಗೇ ಟ್ಯಾಂಕು ಇರುತ್ತದೆ. ಟ್ಯಾಂಕಿಗಿಂತ ಹೆಚ್ಚಾಗಿ ನಾರುವುದು ಅದಕ್ಕೆ ಹೋಗುವ ರಬ್ಬರ್ ಪೈಪು. ವರ್ಷಗಟ್ಟಲೆ ಕುಡಿದ ವಾಸನೆಯನ್ನು ಅದು ಗೋಡೆಯ ಮೂಲಕವೇ ಬಿಡುತ್ತದೆ. ಪತ್ತೆಗೆ ಅಲ್ಲಿಯವರು ಹೇಳಿಕೊಟ್ಟ ಉಪಾಯ: ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೈಪಿನ ಸುತ್ತ ಸ್ವಲ್ಪ ಹೊತ್ತು ಸುತ್ತಿಟ್ಟು, ಆಮೇಲೆ ಬಟ್ಟೆಯನ್ನು ಮೂಸಿ. ನಾನು ಮೂಸಿದೆ. ಬೇಡ, ಆ ವಿಷಯ ಬೇಡ.

ಅವಳು ಇನ್ನೂ ಕೆಲವು ನೋಡಿದಳು. ಅಡುಗೆ ಕಟ್ಟೆಯ ಮುಂದೆ ಸೊಂಟಕ್ಕೆ ಆತು ನಿಲ್ಲಲು ಜಾಗವಿದೆಯೇ, ರಾತ್ರಿ ಮಗಳು ಎದ್ದರೆ ನಮ್ಮನ್ನು ದಾಟದೆ ಟಾಯ್ಲೆಟ್ಟಿಗೆ ಹೋಗಬಹುದೇ, ದೋಣಿಯ ಜೊತೆ ತೂಗಿ ತಾನು ಮಟ್ಟಸವಾಗಿ ನಿಲ್ಲುವ ಒಲೆಯ ಮೇಲೆ ಐದು ಲೀಟರಿನ ಕುಕ್ಕರ್ ಕೂರುತ್ತದೆಯೇ. ಕುಕ್ಕರ್ ವಿಷಯದಲ್ಲಿ ನಮಗೊಂದು ಹೆಮ್ಮೆಯ ಸಂಗತಿ: ದೂರ ಸಾಗುವ ಬಿಳಿಯರೂ ದೋಣಿಯಲ್ಲಿ ಪ್ರೆಶರ್ ಕುಕ್ಕರನ್ನೇ ಇಟ್ಟುಕೊಳ್ಳುತ್ತಾರೆ. ಗ್ಯಾಸು ಉಳಿಯುತ್ತದೆ, ಅಲೆಗೆ ಉರುಳಿದರೂ ಮುಚ್ಚಳ ಕಳಚುವುದಿಲ್ಲ. ಸಾಗುತ್ತಿರುವ ದೋಣಿಯಲ್ಲಿ ಹದಿಮೂರರ ಕೆಳಗಿನ ಮಕ್ಕಳು ಕ್ಯಾಬಿನ್ನಿನ ಹೊರಗಿದ್ದರೆ ಲೈಫ್ ಜಾಕೆಟ್ ಹಾಕಲೇಬೇಕೆಂಬುದು ಅಮೆರಿಕದ ನಿಯಮ. ಮೊಮ್ಮಗಳು ಅದನ್ನು ಮನೆಯಲ್ಲೇ ಹಾಕಿಕೊಂಡು ಓಡಾಡುತ್ತಿದ್ದಳು.

ಕಾಗದಪತ್ರಕ್ಕೆ ಬರೋಣ. 1972ರ ನವೆಂಬರ್ ನಂತರ ಅಮೆರಿಕದಲ್ಲಿ ತಯಾರಾದ ಪ್ರತಿ ದೋಣಿಗೂ ಹಿಂಬದಿಯ ಬಲಮೂಲೆಯಲ್ಲಿ 12 ಅಕ್ಷರ ಅಂಕೆಗಳ ಒಂದು ಸಂಖ್ಯೆ ಕೊರೆದಿರುತ್ತದೆ. ಮೊದಲ ಮೂರು ತಯಾರಕರದ್ದು, ಕೊನೆಯ ಭಾಗದಲ್ಲಿ ವರ್ಷದ ಗುರುತು. ಜಾಹೀರಾತಿನಲ್ಲಿ 1986 ಎಂದಿದ್ದು ಇಲ್ಲಿ 83 ಇದ್ದರೆ ಮುಂದಿನ ಮಾತು ನೀವೇ ಆಡಿ. ಈ ಸಂಖ್ಯೆ ಹಿಡಿದು ಇತಿಹಾಸ ಕೆದಕುವುದು ಯಾಕೆ ಮುಖ್ಯವೆಂದರೆ, 2012ರ ಸ್ಯಾಂಡಿ ಚಂಡಮಾರುತವೊಂದರಲ್ಲೇ 65 ಸಾವಿರಕ್ಕೂ ಹೆಚ್ಚು ದೋಣಿಗಳು ಹಾಳಾದವೆಂದು ಅಲ್ಲಿಯ ದೋಣಿ ಮಾಲೀಕರ ಸಂಸ್ಥೆಯ ಅಂದಾಜು. ವಿಮೆಯವರು ಕೈಬಿಟ್ಟ ಅಂಥ ದೋಣಿಗಳು ಬಣ್ಣ ಬಳಿದುಕೊಂಡು ಮತ್ತೆ ಮಾರುಕಟ್ಟೆಗೆ ಬರುತ್ತವೆ. ಹಿಂದಿನವನು ಬಾಕಿಯಿಟ್ಟ ರಿಪೇರಿ ಬಿಲ್ಲು ಕೂಡ ಮನುಷ್ಯನನ್ನು ಬಿಟ್ಟು ದೋಣಿಗೇ ಅಂಟಿಕೊಂಡು ಬರಬಹುದು. ಅಲ್ಲಿಯ ಕಡಲ ಕಾನೂನು ಹಾಗಿದೆ. ಮೇರಿಲ್ಯಾಂಡಿನಲ್ಲಿ ಹೆಸರು ಬದಲಾಯಿಸುವಾಗ ಬೆಲೆಯ ಶೇ 5 ತೆರಿಗೆ ಬೇರೆ. ಸರ್ವೇಯರನ್ನು ಮಾತ್ರ ಬ್ರೋಕರ್ ಹೇಳಿದ ಹೆಸರಿನಿಂದ ಆರಿಸಬೇಡಿ. ಅಲ್ಲಿ ಸರ್ವೇಯರ್ ಆಗಲು ಸರ್ಕಾರಿ ಲೈಸೆನ್ಸ್ ಬೇಕಿಲ್ಲ, ಯಾರು ಬೇಕಾದರೂ ಬೋರ್ಡು ಹಾಕಬಹುದು. ಸ್ಯಾಮ್ಸ್, ನ್ಯಾಮ್ಸ್ ಎಂಬ ಎರಡು ಸಂಘಗಳಲ್ಲಿ ಒಂದರ ಸದಸ್ಯರಾಗಿದ್ದರೆ ಒಂದಿಷ್ಟು ಭರವಸೆ. ಅವರಿಗೆ ಅಡಿ ಲೆಕ್ಕದಲ್ಲಿ ಕೊಡುವ ದುಡ್ಡು, ಕ್ರೇನಿನ ದುಡ್ಡು ಎರಡೂ ಕೊಳ್ಳುವವನದ್ದೇ. ದೋಣಿ ಬೇಡವೆಂದರೆ ಅಷ್ಟೂ ಹೋಯಿತು. ನಮ್ಮ ಹುಡುಗ ಎರಡು ಸಲ ಕಳೆದುಕೊಂಡ, ಒಂದಕ್ಕೂ ಬೇಸರಪಟ್ಟುಕೊಳ್ಳಲಿಲ್ಲ.

ದುಡ್ಡಿನ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ವರ್ಷದ ಖರ್ಚು ದೋಣಿಯ ಬೆಲೆಯ ಶೇ 10 ಎಂದು ಬಾಯಿಲೆಕ್ಕ ಹೇಳುತ್ತಾರೆ. ಹೊಸ ದೋಣಿಗೆ ಸರಿಹೋದೀತು, ಹಳೇ ದೋಣಿಗೆ ಇದು ಶುದ್ಧ ಸುಳ್ಳು. ಮರೀನಾದವನು ಬಾಡಿಗೆ ಕೇಳುವುದು ಅಡಿಗಿಷ್ಟು ಎಂದು, ಬೆಲೆಗಿಷ್ಟು ಎಂದಲ್ಲ. ಚಳಿಗಾಲದಲ್ಲಿ ಮೇಲೆತ್ತುವುದು, ಪೈಪುಗಳ ನೀರು ಹೆಪ್ಪುಗಟ್ಟಿ ಒಡೆಯದಂತೆ ಗುಲಾಬಿ ಬಣ್ಣದ ದ್ರಾವಣ ತುಂಬುವುದು, ವಸಂತದಲ್ಲಿ ತಳಕ್ಕೆ ಬಣ್ಣ, ಎಲ್ಲವೂ ಅಳತೆಯ ಮೇಲೆ. ಎರಡು ಲಕ್ಷ ಡಾಲರಿನ 30 ಅಡಿಗೂ ಒಂಬತ್ತು ಸಾವಿರದ 30 ಅಡಿಗೂ ಒಂದೇ ಬಿಲ್ಲು. ಹಳೇ ದೋಣಿ ಅಗ್ಗವಾದ್ದು ಕೊಳ್ಳುವ ದಿನ ಮಾತ್ರ. ಅದಕ್ಕೇ, ಇರುವ ದುಡ್ಡಿನ ಅರ್ಧವನ್ನಷ್ಟೇ ಕೊಳ್ಳಲು ಖರ್ಚು ಮಾಡು ಎಂದು ಹುಡುಗನಿಗೆ ಹೇಳಿದೆ. ಕೇಳಿದನೋ ಇಲ್ಲವೋ ಅವನ ಹೆಂಡತಿ ಕೇಳಿಸಿಕೊಂಡಳು. ಅವಳೇ ಲೆಕ್ಕ ಬರೆಯುವವಳು.

ಕೊನೆಗೆ ಸಿಕ್ಕಿದ್ದು ಒಂಬತ್ತನೆಯದು. 1984ರದ್ದು, 30 ಅಡಿ, ನೀರೊಳಗೆ ನಾಲ್ಕೂವರೆ ಅಡಿ, ಡೀಸೆಲ್ ಇಂಜಿನ್. ನೋಡಲು ಏನೇನೂ ಚಂದವಿಲ್ಲ, ಮಾಸಿದ ಹಳದಿ, ಕುಶನ್ನಿನ ಮೇಲೆ ಕಂದು ಹೂವು. ಮಾರುವವರು ನಿವೃತ್ತ ಶಾಲಾ ಮಾಸ್ತರರು. ಕೇಳಿದ್ದು 11,500 ಡಾಲರ್. ಪ್ರತಿ ವಾಲ್ವಿನ ಪಕ್ಕ ಮರದ ಬೆಣೆ ನೇತಾಡುತ್ತಿತ್ತು. ಜೊತೆಗೆ ಮೂರು ನೋಟುಪುಸ್ತಕ: ಯಾವ ದಿನ ಯಾವ ಬೋಲ್ಟು ಬಿಚ್ಚಿ ಅಂಟು ಬದಲಾಯಿಸಿದ್ದು, ಯಾವ ವರ್ಷ ಸ್ಟೀಲ್ ಹಗ್ಗ ಹೊಸದು ಹಾಕಿದ್ದು, ಎಲ್ಲ ದುಂಡಗಿನ ಅಕ್ಷರದಲ್ಲಿ. ಕಂಬಿಗಳ ತೂತುಗಳನ್ನೆಲ್ಲ ಅವರು ಒಂದು ಚಳಿಗಾಲ ಪೂರ್ತಿ ಕೂತು ಅಗಲ ಮಾಡಿ, ಸುತ್ತಲಿನ ಬಾಲ್ಸಾ ಕೆರೆದು ಎಪಾಕ್ಸಿ ತುಂಬಿ, ಅದರ ನಡುವೆ ಮತ್ತೆ ಕೊರೆದಿದ್ದರು. ಇನ್ನು ನೀರು ಬಂದರೂ ಮರಕ್ಕೆ ತಾಗದು. ಸುತ್ತಿಗೆ ಅಂಚಿನುದ್ದಕ್ಕೂ ಟಕ್ ಟಕ್ ಎಂದೇ ಹೋಯಿತು, ಮೂತಿಯ ಹತ್ತಿರ ಒಂದು ಕಡೆ ಬಿಟ್ಟು. ತಳದಲ್ಲಿ ಹದಿನಾಲ್ಕು ಗುಳ್ಳೆ. ಗುಳ್ಳೆಗಳ ದಯೆಯಿಂದ 9,000ಕ್ಕೆ ಮುಗಿಯಿತು. ಹುಡುಗನ ಹೆಂಡತಿ ಇಳಿದು ಕಣ್ಣು ಮುಚ್ಚಿ ಉಸಿರೆಳೆದು, "ಸೋಪಿನ ವಾಸನೆ" ಎಂದಳು.

ನಾನು ಊರಿಗೆ ಹೊರಡುವ ಮುಂಚಿನ ಶನಿವಾರ ಅದರಲ್ಲೇ ಮಲಗಿದ್ದೆವು. ರಾತ್ರಿ ಗುಡುಗು ಬಂತು, ಮಳೆ ಹೊಡೆಯಿತು, ಎರಡು ಗಂಟೆಯ ಹೊತ್ತಿಗೆ ನನ್ನ ಹಣೆಯ ಮೇಲೆ ಒಂದು ಹನಿ. ಹಂಚಿನ ಮನೆಯಲ್ಲಿ ಹುಟ್ಟಿದವನಿಗೆ ಇದರಲ್ಲಿ ಹೊಸತೇನಿಲ್ಲ. ಎದ್ದು ಸಾಂಬಾರಿನ ಪಾತ್ರೆ ತಂದು ಇಟ್ಟೆ. ಬೆಳಿಗ್ಗೆ ಹುಡುಗ ಹನಿ ಬಿದ್ದ ಜಾಗಕ್ಕೆ ನೇರ ಮೇಲಿದ್ದ ಕಿಟಕಿಯ ಸ್ಕ್ರೂ ಬಿಚ್ಚಲು ಹೊರಟ. ನಾನು ತಡೆದೆ. ಹಂಚಿನ ಮನೆಯಲ್ಲಿ ಹನಿ ಬೀಳುವುದು ಒಂದು ಕಡೆ, ಹಂಚು ಒಡೆದಿರುವುದು ಇನ್ನೊಂದು ಕಡೆ. ನೀರು ರೀಪಿನ ಗುಂಟ ಎಷ್ಟು ದೂರ ಬೇಕಾದರೂ ಬರುತ್ತದೆ. ನಾನು ಟಾರ್ಚ್ ಹಿಡಿದು ಒಳಗೆ ಅಂಗಾತ ಮಲಗಿದೆ. ಮೊಮ್ಮಗಳು ಮಗ್ಗಿನಲ್ಲಿ ನೀರು ಹಿಡಿದು ಡೆಕ್ಕಿನ ಮೇಲೆ, ಹಿಂದಿನಿಂದ ಶುರುಮಾಡಿ ಒಂದೊಂದೇ ಬೋಲ್ಟಿನ ಬುಡಕ್ಕೆ ಸುರಿಯುತ್ತ ಬಂದಳು.

"ಬಂತಾ ಅಜ್ಜ?"

"ಇಲ್ಲ ಮಗಾ. ಇನ್ನೂ ಸ್ವಲ್ಪ ಮುಂದೆ."

"ಈಗ?"

"ಇನ್ನೊಂದು ಮಗ್ಗು ಹೊಯ್ಯಿ."